ನಕಲು ಮಾಡಲು ಅಡ್ಡಿಯಿಲ್ಲ

ಡಬ್ಬಿಯ ಮೇಲೆ 32 ಜಿಬಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಬಿಚ್ಚಿ ಚಾಲೂ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆಪರೇಟಿಂಗ್ ಸಿಸ್ಟಂ ಆಗಲೇ ಹಿಡಿದು ಕೂತಿರುತ್ತದೆ. ಇಂದಲ್ಲ ನಾಳೆ ಬರುವ ಅಪ್‌ಡೇಟಿಗೆಂದು ಇನ್ನೊಂದಿಷ್ಟು ಬಿಡಬೇಕು. ಕೂಡಿ ಕಳೆದು ನೋಡಿದರೆ ಪುಸ್ತಕಗಳ ಪಾಲಿಗೆ ದಕ್ಕುವುದು ಹತ್ತು ಜಿಬಿ. ಆ ಹತ್ತರಲ್ಲಿ ಏನು ತುಂಬಬೇಕು ಎಂಬ ಜಗಳ ಧಾರವಾಡದಿಂದ ಹಳಿಯಾಳಕ್ಕೆ ಹೊರಟ ಬಸ್ಸಿನಲ್ಲೇ ಶುರುವಾಯಿತು.

ಜೊತೆಗಿದ್ದವನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಗೆಳೆಯ. ದಾನಿಗಳು ಸರ್ಕಾರಿ ಶಾಲೆಗಳಿಗೆ ಕೊಟ್ಟ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಪುಸ್ತಕ ತುಂಬಿಕೊಡುವುದು ಅವನ ರಜೆಯ ಚಟ. ಇಂಟರ್ನೆಟ್ ಇಲ್ಲದ ಕಡೆಯೂ ತೆರೆದುಕೊಳ್ಳುವಂತೆ ಎಲ್ಲವನ್ನೂ ಯಂತ್ರದೊಳಗೇ ಇಳಿಸಿಬಿಡುತ್ತಾನೆ. ವಿಜ್ಞಾನದ ವಿಡಿಯೋಗಳು ಇರಲೇಬೇಕು ಎಂಬುದು ಅವನ ಹಟ. ಒಂದು ತಾಸಿನ ವಿಡಿಯೋ ತಿನ್ನುವ ಜಾಗದಲ್ಲಿ ನೂರು ಚಿತ್ರಪುಸ್ತಕ ಹಿಡಿಸುವಾಗ ವಿಡಿಯೋ ಯಾಕೆ ಎಂಬುದು ನನ್ನ ತಕರಾರು. ‘ನೀ ಬರಿಯೋ ಮನಿಷ್ಯಾ, ನಿನಗ ಪುಸ್ತಕದ್ದ ಚಿಂತಿ’ ಎಂದು ಅವನು ಕಿಟಕಿಯ ಕಡೆ ತಿರುಗಿದ. ಕಬ್ಬಿನ ಕಟಾವಿನ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಡೆ ಹೊರಟಿದ್ದವು. ಅವುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಧಾರವಾಡದ ಎರೆಮಣ್ಣು ಕರಗಿ ಕೆಂಪು ಬಂದು, ಹತ್ತಿ ಗೋವಿನಜೋಳದ ಹೊಲಗಳು ಮುಗಿದು, ತೇಗ ಒಂದೊಂದಾಗಿ ನಿಲ್ಲತೊಡಗುವ ಈ ದಾರಿ ನನಗೆ ಇಷ್ಟ. ಬಯಲುಸೀಮೆ ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಹಳಿಯಾಳ ತಾಲೂಕಿನ ಆ ಊರಿನಲ್ಲಿ ಸಿದ್ದಿಗಳ ಮನೆಗಳೇ ಹೆಚ್ಚು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮನೆಯಲ್ಲಿ ಕೊಂಕಣಿ ಮರಾಠಿ ಬೆರೆತ ತಮ್ಮದೇ ಮಾತು, ಶಾಲೆಯಲ್ಲಿ ಕನ್ನಡ. ನಾಲ್ಕು ಮೈಲಿ ಆಚೆ ಹೋದರೆ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಯೇ ಇದೆ. ಈ ಕಡೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಮೂರು ಭಾಷೆಯಲ್ಲಿ ಬೈಯುವುದನ್ನು ಕಲಿತಿರುತ್ತಾರೆ.

ಲ್ಯಾಪ್‌ಟಾಪುಗಳು ಗಾಡ್ರೆಜ್ ಕಪಾಟಿನಲ್ಲಿದ್ದವು, ಕೀಲಿಕೈ ಹೆಡ್ ಮಾಸ್ತರರ ಜೇಬಿನಲ್ಲಿತ್ತು. ಕಪಾಟು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಆಡಿಟ್ ಬಂದಾಗ ಒಂದು ಕಡಿಮೆಯಾದರೂ ಮಾಸ್ತರರ ಕೊರಳಿಗೆ ಬರುವುದರಿಂದ ಅವರನ್ನು ಬೈಯುವಂತಿಲ್ಲ. ಆದರೂ ಬೀಗದೊಳಗಿನ ಯಂತ್ರಕ್ಕೆ ಇಳಿವಯಸ್ಸು ಬೇಗ ಬರುತ್ತದೆ. ಆರು ತಿಂಗಳು ಚಾರ್ಜ್ ಕಾಣದೆ ಎರಡರ ಬ್ಯಾಟರಿ ಪೂರ್ತಿ ಸೋತಿತ್ತು.

ಅಗ್ಗದ ಕಂಪ್ಯೂಟರಿನ ಕನಸು ಹೊಸದೇನಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಮಾಡಿದರು. ಜಗತ್ತೆಲ್ಲ ಹೊಗಳಿತು, ಕೊಳ್ಳುವವರು ಬರಲಿಲ್ಲ. 2005ರಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ಘೋಷಿಸಿದರು. ಹಸಿರು ಬಿಳಿ ಬಣ್ಣದ ಮುದ್ದಾದ ಯಂತ್ರ. ಬಿಸಿಲಿನಲ್ಲೂ ಓದಬಹುದಾದ ಪರದೆ. ಪರದೆ ತಿರುಗಿಸಿ ಮಡಚಿದರೆ ಪುಸ್ತಕದಂತೆ ಕೈಯಲ್ಲಿ ಹಿಡಿಯಬಹುದಿತ್ತು. ಬೆಲೆ ಮಾತ್ರ ನೂರರ ಹತ್ತಿರ ಸುಳಿಯದೆ ಇನ್ನೂರರ ಹತ್ತಿರ ಹೋಯಿತು. ಭಾರತ ಸರ್ಕಾರ 2006ರಲ್ಲೇ ಬೇಡವೆಂದಿತ್ತು. ಆದರೂ 2007ರಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾತ್ ಎಂಬ ಹಳ್ಳಿಯ ಪುಟ್ಟ ಶಾಲೆಯಲ್ಲಿ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 2011ರಲ್ಲಿ ನಮ್ಮದೇ ಆಕಾಶ್ ಟ್ಯಾಬ್ಲೆಟ್ ಬಂತು, ಪತ್ರಿಕೆಗಳ ಮುಖಪುಟ ತುಂಬಿತು, ಮರೆಯಾಯಿತು. ಈ ಎಲ್ಲ ಕಥೆಗಳಲ್ಲೂ ಮಾತಾಡಿದ್ದು ಯಂತ್ರದ ಬೆಲೆ. ಒಳಗೆ ಯಾವ ಭಾಷೆಯ ಯಾವ ಪುಸ್ತಕ, ಅದನ್ನು ಪಕ್ಕದ ಊರಿನ ಯಂತ್ರಕ್ಕೆ ದಾಟಿಸಬಹುದೇ ಎಂದು ಕೇಳಿದವರು ಕಡಿಮೆ. ಯಂತ್ರ ಅಗ್ಗವಾಗುತ್ತ ಬಂದೇ ಬರುತ್ತದೆ. ನಕಲು ಮಾಡುವ ಹಕ್ಕು ತಾನಾಗಿ ಅಗ್ಗವಾಗುವುದಿಲ್ಲ.

ಗೆಳೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತ. ಅವನ ವಿಧಾನ ಹೀಗಿದೆ: ಪಠ್ಯಪುಸ್ತಕಗಳ ಪಿಡಿಎಫ್ ಒಂದು ಕಡೆ. ಕನ್ನಡ ವಿಕಿಪೀಡಿಯ ಇಡಿಯಾಗಿ ಇನ್ನೊಂದು ಕಡೆ. ಕಿವಿಕ್ಸ್ ಎಂಬ ತಂತ್ರಾಂಶ ಅದನ್ನು ಒಂದೇ ಕಡತವಾಗಿ ಕಟ್ಟಿಕೊಡುತ್ತದೆ, ಇಂಟರ್ನೆಟ್ ಇಲ್ಲದೆಯೇ ಹುಡುಕಿ ಓದಬಹುದು. ಇಂಗ್ಲಿಷ್ ವಿಕಿಪೀಡಿಯ ಚಿತ್ರಸಮೇತ ಬೇಕೆಂದರೆ ಸುಮಾರು ನೂರು ಜಿಬಿ ಬೇಕು. ನಮ್ಮದು ಮೂವತ್ತು ಸಾವಿರ ಚಿಲ್ಲರೆ ಲೇಖನಗಳ ಸಣ್ಣ ಸಂಸಾರ, ಆರಾಮಾಗಿ ಹಿಡಿಸುತ್ತದೆ. ಬಡತನಕ್ಕೂ ಒಮ್ಮೊಮ್ಮೆ ಲಾಭವಿದೆ. ಮೂರನೆಯದು ಕೋಲಿಬ್ರಿ: ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಅದೇ ಒಂದು ಪುಟ್ಟ ಸರ್ವರ್ ಆಗಿ, ವೈಫೈ ಮೂಲಕ ಉಳಿದ ಯಂತ್ರಗಳಿಗೆ ಪಾಠ ಬಡಿಸುತ್ತದೆ. ಇಲ್ಲೂ ಇಂಟರ್ನೆಟ್ ಬೇಕಿಲ್ಲ. ನಾಲ್ಕನೆಯದು ಕಥೆಪುಸ್ತಕಗಳು.

ಕಥೆಪುಸ್ತಕಗಳು ಬಂದದ್ದು ಸ್ಟೋರಿವೀವರ್‌ನಿಂದ. ಬೆಂಗಳೂರಿನ ಪ್ರಥಮ್ ಬುಕ್ಸ್ ಇದನ್ನು 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದು ತೆರೆಯಿತು. ಕನ್ನಡ, ಮರಾಠಿ, ಕೊಂಕಣಿ ಎಲ್ಲ ಉಂಟು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಸಾಕು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಬಹುದು, ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಪ್ರಕಾಶಕನೊಬ್ಬ ತನ್ನ ಪುಸ್ತಕದ ಮೇಲೆ ಹೀಗೆ ಬರೆಯುವುದು ಸಣ್ಣ ಮಾತಲ್ಲ. ನಮ್ಮ ಕನ್ನಡ ಪುಸ್ತಕ ತೆಗೆದು ಎರಡನೇ ಪುಟ ನೋಡಿ, ಏನೆಲ್ಲ ಮಾಡಬಾರದು ಎಂಬ ಪಟ್ಟಿಯೇ ಇರುತ್ತದೆ.

ಇನ್ನು ಪಠ್ಯಪುಸ್ತಕದ ಪಿಡಿಎಫ್. ನೋಡಲು ಕನ್ನಡವೇ, ಓದಬಹುದು. ಆದರೆ ಎಷ್ಟೋ ಕಡತಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿದವು. ಅಲ್ಲಿ ಪರದೆಯ ಮೇಲೆ ‘ಕ’ ಕಂಡರೂ ಕಂಪ್ಯೂಟರಿನ ಮನಸ್ಸಿನಲ್ಲಿ ಇರುವುದು ಇಂಗ್ಲಿಷಿನ ಯಾವುದೋ ಅಕ್ಷರ. ಹಾಗಾಗಿ ‘ಕಾಳಿ ನದಿ’ ಎಂದು ಹುಡುಕಿದರೆ ಇಡೀ ಪುಸ್ತಕದಲ್ಲಿ ಕಾಳಿ ನದಿಯೇ ಇಲ್ಲ ಎನ್ನುತ್ತದೆ. ಒಂದು ಸಾಲನ್ನು ಎತ್ತಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಟೊಪ್ಪಿಗೆಯಿಟ್ಟ ಸ್ವರ, ಪೌಂಡಿನ ಚಿಹ್ನೆ ಎಲ್ಲ ಕಲಸಿ ಬರುತ್ತವೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷವಾದರೂ ಡಿಟಿಪಿ ಅಂಗಡಿಗಳು ಹಳೆಯ ದಾರಿ ಬಿಟ್ಟಿಲ್ಲ. ಕುರುಡು ಮಕ್ಕಳಿಗೆ ಓದಿ ಹೇಳುವ ತಂತ್ರಾಂಶಕ್ಕೂ ಇಂಥ ಪುಸ್ತಕ ಕೈಗೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ತೀರ ಕ್ಷುಲ್ಲಕವಾದದ್ದು: ಕಡತದ ಹೆಸರು. ಇಳಿಸಿಕೊಂಡ ಪುಸ್ತಕಗಳಿಗೆಲ್ಲ ಇಂಗ್ಲಿಷಿನ ಉದ್ದುದ್ದ ಹೆಸರು, ನಡುವೆ ಅಡ್ಡಗೆರೆ, ಕೊನೆಗೆ ಅಂಕಿ. ಐದನೇ ತರಗತಿಯ ಹುಡುಗಿಯೊಬ್ಬಳು ಪರದೆಯ ಮುಂದೆ ಕೂತು ಒಂದೊಂದನ್ನೇ ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ, ‘ಅಕ್ಕೋರ, ಆನಿದು ಎಲ್ಲೈತ್ರಿ?’ ಎಂದಳು. ಕಲಿಸುವ ಅಕ್ಕೋರು ಚುರುಕಿನವರು. ‘ಸರ, ನೀವು ಪುಸ್ತಕ ತಂದ್ರಿ, ಕಪಾಟ ತರಲಿಲ್ಲ’ ಎಂದು ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ ತಾವೇ ಕೂತರು. ಮುನ್ನೂರು ಕಡತಗಳ ಹೆಸರನ್ನು ಕನ್ನಡದಲ್ಲಿ ಬರೆಯುವುದೆಂದರೆ ಹುಡುಗಾಟವಲ್ಲ. ಅವರು ಆರು, ಏಳನೇ ತರಗತಿಯ ಮಕ್ಕಳನ್ನು ಕರೆದು ಲ್ಯಾಪ್‌ಟಾಪಿಗೆ ಇಬ್ಬಿಬ್ಬರಂತೆ ಕೂರಿಸಿದರು. ಒಬ್ಬರು ಪುಸ್ತಕ ತೆರೆದು ಹೆಸರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಮೊದಲಿಗೆ ತರಗತಿಯ ಅಂಕಿ, ಆಮೇಲೆ ಕಥೆಯ ಹೆಸರು. ಒತ್ತಕ್ಷರ ಬಂದಾಗ ಕೀಲಿಮಣೆಯ ಮೇಲೆ ಬೆರಳು ಅಲೆದಾಡುತ್ತಿತ್ತು. ‘ಮೊಸಳೆ’ಯ ಳ ಎಲ್ಲಿದೆ ಎಂದು ಎರಡು ಯಂತ್ರಗಳ ನಡುವೆ ಜಗಳವಾಯಿತು. ಬಿಸಿಯೂಟದ ಗಂಟೆ ಹೊಡೆದರೂ ಎದ್ದವರು ಕಡಿಮೆ. ಸಂಜೆಯ ಹೊತ್ತಿಗೆ ಆ ಮಕ್ಕಳಿಗೆ ಯಾವ ಪುಸ್ತಕ ಎಲ್ಲಿದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಎರಡು ಯಂತ್ರಗಳಲ್ಲಿ ಕೆಲವು ಹೆಸರುಗಳು ತಪ್ಪಾಗಿಯೂ ಬಿದ್ದಿದ್ದವು. ಗೆಳೆಯ ತಿದ್ದಹೊರಟಾಗ ಅಕ್ಕೋರು ಬೇಡವೆಂದರು. ‘ಅವರಿಟ್ಟ ಹೆಸರು ಅವರಿಗೆ ಸಿಗತಾವ, ಬಿಡ್ರಿ.’

ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಮೊಮ್ಮಗಳನ್ನು ಕರೆಯಲು ಬಂದವರು. ಪರದೆಯ ಮೇಲೆ ಹುಲಿಯ ಕಥೆ ಓದುತ್ತಿದ್ದುದನ್ನು ಸ್ವಲ್ಪ ಹೊತ್ತು ಕೇಳಿ, ತಮ್ಮ ಮಾತಿನಲ್ಲಿ ಏನೋ ಅಂದರು. ಮಕ್ಕಳೆಲ್ಲ ಹೋ ಎಂದು ನಕ್ಕರು. ‘ಆ ಹುಲಿ ಹಂಗ ಮಾತಾಡೂದಿಲ್ಲ ಅಂತಾರ್ರೀ, ಅವರಿಗೆ ಬ್ಯಾರೆ ಹುಲಿ ಗೊತ್ತೈತಂತ’ ಎಂದು ಅಕ್ಕೋರು ಕನ್ನಡಿಸಿದರು. ಜೇನು ಬಿಡಿಸಲು ಹೋದ ಹುಡುಗನಿಗೂ ಹುಲಿಗೂ ಮರದ ಕೆಳಗೆ ಮೇಲೆ ನಡೆದ ಚೌಕಾಸಿಯ ಕಥೆ ಅಜ್ಜಿಯದು. ಅಕ್ಕೋರು ಲ್ಯಾಪ್‌ಟಾಪಿನಲ್ಲೇ ಧ್ವನಿಮುದ್ರಣ ಹಚ್ಚಿದರು. ಅಜ್ಜಿ ಯಂತ್ರದ ಕಡೆ ನೋಡಲೂ ಇಲ್ಲ, ಮಕ್ಕಳಿಗೆ ಹೇಳಿದರು. ಕೊನೆಯಲ್ಲಿ ಒಂದು ಹಾಡು ಬಂದಾಗ ಎಲ್ಲರೂ ದನಿ ಸೇರಿಸಿದರು. ಹನ್ನೊಂದು ನಿಮಿಷದ ಆ ಕಡತಕ್ಕೆ ಜಾಗ ಮಾಡಲು ಗೆಳೆಯ ತಾನಾಗಿಯೇ ಒಂದು ವಿಡಿಯೋ ಅಳಿಸಿದ. ನಾನು ಏನೂ ಅನ್ನಲಿಲ್ಲ.

ದಾಂಡೇಲಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ, ಮಕ್ಕಳ ಮನೆಗಳಲ್ಲಿ ಫೋನ್ ಇದೆ. ಶಾಲೆಯ ಪುಟ್ಟ ಲ್ಯಾಪ್‌ಟಾಪ್ ಅವರಿಗೆ ಅಂಥ ಸೋಜಿಗವಲ್ಲ. ರಾಫ್ಟಿಂಗಿಗೆ ಬಂದವರ ಕಾರುಗಳು, ರೆಸಾರ್ಟುಗಳ ಬೋರ್ಡುಗಳು. ಆದರೆ ಪುಸ್ತಕದ ಮಾತೆತ್ತಿದಾಗ ಈ ಊರನ್ನು ಹಾಗೇ ದಾಟಿ ಹೋಗುವುದೂ ಸರಿಯಲ್ಲ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇಲ್ಲಿ ಕಾಗದ ತೆಗೆಯತೊಡಗಿದ್ದು 1959ರಲ್ಲಿ. ನಾವು ಬರೆದ ನೋಟುಬುಕ್ಕುಗಳಿಗೆ ಈ ಕಾಡಿನ ಬಿದಿರು ಹೋಗಿದೆ. ಎಪ್ಪತ್ತರ ದಶಕದಲ್ಲಿ ಮಾಧವ ಗಾಡ್ಗೀಳ್ ಉತ್ತರ ಕನ್ನಡದ ಬಿದಿರಿನ ಲೆಕ್ಕ ಹಿಡಿಯಲು ಬಂದಾಗ ಕಂಡದ್ದು, ಬುಟ್ಟಿ ಹೆಣೆಯುವವರು ಪೇಟೆಯ ಬೆಲೆ ಕೊಟ್ಟು ಕೊಳ್ಳುವ ಬಿದಿರು ಕಾರ್ಖಾನೆಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಹೋಗುತ್ತಿತ್ತು ಎಂಬುದನ್ನು. ಕಾಗದ ಹೊರಗೆ ಹೋಯಿತು. ಅದರ ಮೇಲೆ ಅಚ್ಚಾದ ಪುಸ್ತಕಗಳು ಬಿದಿರು ಕಡಿದವರ ಹಾಡಿಗಳಿಗೆ ಎಷ್ಟು ಮರಳಿ ಬಂದವೋ, ಲೆಕ್ಕ ಇಟ್ಟವರಿಲ್ಲ.

ಜೋಯಿಡಾದ ದಾರಿಯಲ್ಲಿ ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟು ಸಿಗುತ್ತದೆ. 101 ಮೀಟರ್ ಎತ್ತರ, ಮುಗಿದದ್ದು 1987ರಲ್ಲಿ. ಇದರ ಹಿನ್ನೀರಿನ ಕೆಳಗೆ ಹಳೆಯ ಸೂಪಾ ಪಟ್ಟಣವಿದೆ, ತಾಲೂಕಿನ ಕೇಂದ್ರವಾಗಿದ್ದ ಊರು. ಅದು ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಕಾಳಿ ನದಿ ಮೆಟ್ಟಿಲು ಮೆಟ್ಟಿಲಾಗಿ ವಿದ್ಯುತ್ ಕೊಡುತ್ತ ಇಳಿಯುತ್ತದೆ, ದಡದಲ್ಲೇ ಕೈಗಾದ ಅಣುಸ್ಥಾವರ. ನಾವು ಹೋದ ಶಾಲೆಯಲ್ಲಿ ಮಾತ್ರ ಕರೆಂಟು ಬೆಳಗಿನಿಂದ ಇರಲಿಲ್ಲ. ಮಾಸ್ತರರು ಅದರ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದರು.

ಜಿಲ್ಲೆಯ ಅತಿ ದೊಡ್ಡ ತಾಲೂಕು ಜೋಯಿಡಾ, ಜನಸಂಖ್ಯೆ 2011ರ ಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ, ಒಳಗೆ, ಚದುರಿದ ಊರುಗಳು. ಕುಣಬಿಗಳ ಮನೆಗಳು ಒಂದರಿಂದ ಒಂದು ದೂರ. ಶಾಲೆಗೆ ಹದಿನೈದಿಪ್ಪತ್ತು ಮಕ್ಕಳು ಬಂದರೆ ದೊಡ್ಡ ಮಾತು. ಕೊರೊನಾ ಕಾಲದಲ್ಲಿ ಪಾಠವೆಲ್ಲ ಫೋನಿಗೆ ಹೋದಾಗ ಈ ಸೀಮೆಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಮಾಸ್ತರರೂ ಹತ್ತಿದ್ದರಂತೆ. ‘ಅಲ್ಲಿ ಒಂದು ನೇರಳೆ ಮರ ಉಂಟು. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರ್ತದೆ, ಕೂತರೆ ಇಲ್ಲ’ ಎಂದು ಕಿಟಕಿಯಿಂದ ತೋರಿಸಿದರು. ಅಂಕೋಲಾ ಕಡೆಯವರು. ಇಂಟರ್ನೆಟ್ ಬರುತ್ತದೆ, ಬಂದ ಮೇಲೆ ನೋಡೋಣ ಎಂದು ಕಾಯುತ್ತ ಕೂತರೆ ಮಕ್ಕಳು ಏಳನೇ ತರಗತಿ ಮುಗಿಸಿ ಹೋಗಿಬಿಡುತ್ತಾರೆ ಎಂಬುದು ಅವರ ಅನುಭವ. ಅಗ್ಗದ ಲ್ಯಾಪ್‌ಟಾಪಿನ ಒಂದು ಗುಣ ಇಲ್ಲಿ ಕೈಹಿಡಿಯಿತು: ಅದು ಉಣ್ಣುವುದು ಕಡಿಮೆ, ಹತ್ತು ಹದಿನೈದು ವಾಟ್. ಶಾಲೆಯ ಮಾಡಿನ ಮೇಲಿದ್ದ ಸಣ್ಣ ಸೋಲಾರ್ ಹಲಗೆಯಿಂದಲೇ ಎರಡು ಯಂತ್ರ ಚಾರ್ಜ್ ಆದವು.

ಹಳಿಯಾಳದಲ್ಲಿ ಕನ್ನಡ ಹೆಸರು ಇಟ್ಟಿದ್ದ ಕಡತಗಳನ್ನೇ ಪೆನ್‌ಡ್ರೈವಿನಲ್ಲಿ ತಂದಿದ್ದೆವು. ಆರು ನಿಮಿಷದಲ್ಲಿ ನಕಲು ಮುಗಿಯಿತು. ಮಾಸ್ತರರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ: ‘ತೇಜಸ್ವಿ ಇಲ್ಲವಾ?’

ಇಲ್ಲ. ಕಾಡಿನ ನಡುವಿನ ಶಾಲೆ, ಓತಿಕ್ಯಾತ, ಜೇನು, ಕಾಡುಹಂದಿ ಎಲ್ಲ ಬೇಲಿಯಾಚೆಗೇ ಇರುವ ಮಕ್ಕಳು. ಇವರಿಗಲ್ಲದೆ ತೇಜಸ್ವಿ ಇನ್ಯಾರಿಗೆ? ಆದರೆ ನಮ್ಮ ಕಾಪಿರೈಟ್ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ತೇಜಸ್ವಿ ಹೋದದ್ದು 2007ರಲ್ಲಿ, ಅಂದರೆ 2067ರ ಕೊನೆಯವರೆಗೆ. ಕಾರಂತರದು 2057ರವರೆಗೆ. ಸಾರ್ವಜನಿಕರ ಸ್ವತ್ತಾಗಿರುವುದು ಪಂಜೆ ಮಂಗೇಶರಾಯರು, ಬಿಎಂಶ್ರೀ, 2024ರಿಂದ ಗೋವಿಂದ ಪೈ. ‘ಈ ಕಾಡಲ್ಲಿ ಬಂದು ಯಾರು ಕೇಳ್ತಾರೆ ಸರ್, ಹಾಕಿಬಿಡಿ’ ಎಂದರು ಮಾಸ್ತರರು. ಕೇಳುವವರು ಬರುವುದಿಲ್ಲ ನಿಜ. ಗೆಳೆಯ ಒಪ್ಪಲಿಲ್ಲ. ಕದ್ದು ಹಾಕಿದ ಪುಸ್ತಕವನ್ನು ಮಾಸ್ತರರು ಇನ್ನೊಂದು ಶಾಲೆಗೆ ಧೈರ್ಯವಾಗಿ ದಾಟಿಸಲಾರರು, ಇಲಾಖೆಯವರ ಮುಂದೆ ತೆರೆದು ತೋರಿಸಲಾರರು. ಅದು ಮತ್ತೆ ಕಪಾಟಿನೊಳಗಿನ ಪುಸ್ತಕವಾಗುತ್ತದೆ ಎಂದು ಅವನ ವಾದ. ಪಾಠಕ್ಕೆ ಬೇಕಾದಷ್ಟು ಭಾಗವನ್ನು ನಕಲು ಮಾಡಲು ಕಾನೂನಿನಲ್ಲೇ ಅವಕಾಶವಿದೆ, 2016ರಲ್ಲಿ ದೆಹಲಿ ಹೈಕೋರ್ಟ್ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯೊಂದರ ಪ್ರಕರಣದಲ್ಲಿ ಹಾಗೇ ಹೇಳಿತು ಎಂದು ನಾನು ವಾದಿಸಿದೆ. ಇಡೀ ಪುಸ್ತಕವನ್ನು ಊರೂರಿಗೆ ಹಂಚಲು ಆ ಬಾಗಿಲು ಸಾಲದು ಎಂಬುದೂ ಗೊತ್ತಿತ್ತು. ಕನ್ನಡದ ಪ್ರಕಾಶಕರಲ್ಲಿ ನನ್ನದೊಂದು ತಕರಾರಿದೆ: ಹತ್ತು ವರ್ಷದಿಂದ ಮರುಮುದ್ರಣವಾಗದ ಮಕ್ಕಳ ಪುಸ್ತಕಗಳ ಹಕ್ಕನ್ನು ಹಿಡಿದಿಟ್ಟುಕೊಂಡು ಯಾರಿಗೆ ಲಾಭ? ಮಾರಾಟವಾಗುತ್ತಿರುವ ತೇಜಸ್ವಿಯನ್ನು ಬಿಡಿ, ಕೊಂಡು ಕೊಡೋಣ. ಕೊಳ್ಳಲೂ ಸಿಗದ ಪುಸ್ತಕಗಳನ್ನಾದರೂ ಬಿಟ್ಟುಕೊಡಬಾರದೇ?

ಉಳವಿಗೆ ಹೊರಟಾಗ ಸಂಜೆಯಾಗಿತ್ತು. ಭಾರತ ಹುಣ್ಣಿಮೆಯ ಜಾತ್ರೆ ಹತ್ತಿರ ಬಂದಿತ್ತು. ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಎತ್ತಿನ ಕೊರಳ ಗೆಜ್ಜೆ ಸದ್ದು ಮಾಡುತ್ತ ಕಾಡಿನ ರಸ್ತೆಯಲ್ಲಿ ಸಾಲುಗಟ್ಟಿದ್ದವು. ಬಸ್ ಬಂದು ಎಷ್ಟೋ ಕಾಲವಾದರೂ ಚಕ್ಕಡಿ ಕಟ್ಟಿಕೊಂಡೇ ಬರುವ ಮನೆತನಗಳಿವೆ. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಶರಣರು ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ಸೈನ್ಯದೊಡನೆ ಹೊಡೆದಾಡುತ್ತ ಈ ಕಾಡಿಗೆ ಬಂದರು. ಚೆನ್ನಬಸವಣ್ಣ ಇಲ್ಲೇ ಐಕ್ಯನಾದ ಎಂಬುದು ಪರಂಪರೆಯ ನಂಬಿಕೆ. ಅಕ್ಕನಾಗಮ್ಮನ ಗವಿಯನ್ನು ಈಗಲೂ ತೋರಿಸುತ್ತಾರೆ. ಇತಿಹಾಸಕಾರರು ಇದರಲ್ಲಿ ಎಷ್ಟನ್ನು ಒಪ್ಪುತ್ತಾರೆ ಎಂಬುದು ಬೇರೆ ಮಾತು. ಜೋಯಿಡಾದ ಕಾಡಿಗೆ ಪುಸ್ತಕ ಹೊತ್ತು ತಂದವರಲ್ಲಿ ನಾವೇ ಮೊದಲಿಗರೆಂಬ ಜಂಬ ನನ್ನ ಗೆಳೆಯನಿಗೆ ಸ್ವಲ್ಪ ಇತ್ತು, ಗವಿಯ ಮುಂದೆ ಅದು ಇಳಿಯಿತು.

ಆ ಕಟ್ಟುಗಳ ವಂಶಾವಳಿ ಆಮೇಲೆ ಮಠಗಳಲ್ಲಿ, ಮನೆಯ ಜಗುಲಿಗಳಲ್ಲಿ ತಾಳೆಗರಿಯಿಂದ ತಾಳೆಗರಿಗೆ ನಕಲಾಗುತ್ತ ಬಂತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ, ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, ಅಚ್ಚುಕೂಟಕ್ಕಾಗಿ ಮನೆ ಮಾರಿದರು. ಸರ್ಕಾರ ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ತಂದಿತು. ಈ ಕಾಲದ ಕೆಲವು ತಂತ್ರಜ್ಞರೂ ಸಾಹಿತಿಗಳೂ ಸೇರಿ ‘ವಚನ ಸಂಚಯ’ ಕಟ್ಟಿದರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡಿನಲ್ಲಿ, ಪದ ಹಿಡಿದು ಹುಡುಕುವಂತೆ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆ ಮೂರು ಬೈಟು ತಿನ್ನುತ್ತದೆ. ಹಾಗೆ ಲೆಕ್ಕ ಹಾಕಿದರೂ ಅಷ್ಟೂ ವಚನಗಳು ಬರಿಯ ಪಠ್ಯವಾಗಿ ಮೂವತ್ತು ಎಂಬಿ ದಾಟಲಾರವು ಎಂದು ನನ್ನ ಅಂದಾಜು. ಮದುವೆ ಮನೆಯಲ್ಲಿ ಫೋನಿನಿಂದ ತೆಗೆದ ಒಂದು ತುಣುಕು ವಿಡಿಯೋ ಇದಕ್ಕಿಂತ ಭಾರ. ಸೈನ್ಯ ಬೆನ್ನಟ್ಟಿದ್ದ ಹೊರೆ ಈಗ ಹತ್ತು ಜಿಬಿಯ ಒಂದು ಮೂಲೆಯಲ್ಲಿ ಕೂರುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಮುಂಡಗೋಡಕ್ಕೆ ಯಲ್ಲಾಪುರದ ಮೇಲೆ ಬಂದೆವು. ಕಾಡು ತೆಳುವಾಗಿ ಮತ್ತೆ ಗೋವಿನಜೋಳ, ಭತ್ತದ ಗದ್ದೆ; ಅವುಗಳ ನಡುವೆ ಬಂಗಾರದ ಮಾಡಿನ ಬೌದ್ಧ ವಿಹಾರಗಳು. 1966ರಲ್ಲಿ ಟಿಬೆಟಿನ ನಿರಾಶ್ರಿತರಿಗೆಂದು ಇಲ್ಲಿ ಡೊಗುಲಿಂಗ್ ವಸತಿ ಪ್ರದೇಶ ಮಾಡಿಕೊಟ್ಟರು. ಬಂಗಾಳದ ಬಕ್ಸಾದಲ್ಲಿ, ಹಿಂದೆ ಬ್ರಿಟಿಷರ ಕಾರಾಗೃಹವಾಗಿದ್ದ ಕಡೆ, ವರ್ಷಗಟ್ಟಲೆ ಕಳೆದ ಭಿಕ್ಷುಗಳು ಆಮೇಲೆ ಇಲ್ಲಿಗೆ ಬಂದು ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ಲ್ಹಾಸಾದ ವಿದ್ಯಾಪೀಠಗಳನ್ನು ಮತ್ತೆ ಕಟ್ಟಿದರು. ಒಂದು ವಿಹಾರದ ಪುಸ್ತಕ ಭಂಡಾರದಲ್ಲಿ ನಮ್ಮನ್ನು ಕೂರಿಸಿಕೊಂಡ ಭಿಕ್ಷುವಿನ ಕನ್ನಡದಲ್ಲಿ ಮುಂಡಗೋಡದ ಸಂತೆಯ ರಾಗವಿತ್ತು. ‘ಚಾ ತಗೋರಿ ಸರ್’ ಎಂದು ಬೆಣ್ಣೆ ಚಹ ಬದಲು ನಮ್ಮ ಚಹವನ್ನೇ ತರಿಸಿದರು.

ಅವರ ಪುಸ್ತಕಗಳು ಉದ್ದನೆಯ ಬಿಡಿ ಹಾಳೆಗಳು, ಮೇಲೆ ಕೆಳಗೆ ಹಲಗೆ, ಸುತ್ತ ಹಳದಿ ಬಟ್ಟೆ. ನಮ್ಮ ಓಲೆಗರಿಯ ಕಟ್ಟಿನ ದೂರದ ಬಂಧು. 1959ರಲ್ಲಿ ಹಿಮಾಲಯ ದಾಟಿದವರು ಹೊತ್ತು ತಂದದ್ದು ಕಡಿಮೆ, ಬಿಟ್ಟು ಬಂದದ್ದು ಹೆಚ್ಚು. ಹೊತ್ತು ತಂದ ಗ್ರಂಥಗಳು ಮತ್ತೆ ಅಚ್ಚಾದ ಬಗೆ ವಿಚಿತ್ರ. ಅಮೆರಿಕದಿಂದ ಬಂದ ಪಿಎಲ್-480ರ ಗೋಧಿ ನಮ್ಮ ಹಿರಿಯರಿಗೆ ನೆನಪಿದೆ. ಅದರ ಬಾಕಿಯನ್ನು ಭಾರತ ರೂಪಾಯಿಯಲ್ಲೇ ತೀರಿಸುತ್ತಿತ್ತು, ಆ ರೂಪಾಯಿಯಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಲ್ಲಿನ ಪುಸ್ತಕ ಕೊಳ್ಳುತ್ತಿತ್ತು. ಅದರ ದೆಹಲಿ ಕಚೇರಿಗೆ 1968ರಲ್ಲಿ ಸೇರಿದ ಜೀನ್ ಸ್ಮಿತ್ ಎಂಬಾತ ನಿರಾಶ್ರಿತರ ಬಳಿ ಇದ್ದ ಗ್ರಂಥಗಳನ್ನು ಅಚ್ಚು ಮಾಡಿಸಲು ದಾರಿ ಮಾಡಿದರು. 1999ರಲ್ಲಿ ಅವರೇ ಸ್ಥಾಪಿಸಿದ ಸಂಸ್ಥೆ ಲಕ್ಷಾಂತರ ಪುಟಗಳನ್ನು ಸ್ಕ್ಯಾನ್ ಮಾಡಿತು; ಅಷ್ಟನ್ನೂ ಹಾರ್ಡ್ ಡಿಸ್ಕುಗಳಲ್ಲಿ ತುಂಬಿ ಏಷ್ಯಾದ ವಿಹಾರಗಳಿಗೆ ಮರಳಿ ಕೊಟ್ಟರು. ಇನ್ನೂ ಮೊದಲು, 1987ರ ಹೊತ್ತಿಗೆ, ಬೈಲುಕುಪ್ಪೆಯ ಸೆರಾ ವಿಹಾರದ ಯುವ ಭಿಕ್ಷುಗಳು ಗ್ರಂಥಗಳನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಟೈಪ್ ಮಾಡತೊಡಗಿದ್ದರು. ಕರ್ನಾಟಕದ ಹಳ್ಳಿಯೊಂದರಲ್ಲಿ, ನಮ್ಮ ಕನ್ನಡಕ್ಕೆ ಎಲ್ಲರೂ ಒಪ್ಪಿದ ಒಂದು ಕೀಲಿಮಣೆಯೂ ಇಲ್ಲದಿದ್ದ ಕಾಲದಲ್ಲಿ!

‘ಯಾರ ಅನುಮತಿ ಕೇಳಿದಿರಿ?’ ಎಂದ ಗೆಳೆಯ ಜೋಯಿಡಾದ ಗುಂಗಿನಲ್ಲೇ ಇದ್ದ. ಭಿಕ್ಷುವಿಗೆ ಪ್ರಶ್ನೆ ಹಿಡಿಯಲು ಸ್ವಲ್ಪ ಹೊತ್ತಾಯಿತು. ‘ಬುದ್ಧನ ಮಾತು ನಕಲು ಮಾಡಿದರೆ ಪುಣ್ಯ ಬರ್ತದ ಸರ್. ಅನುಮತಿ ಯಾಕ?’ ಎಂದು ಕೈ ಚಾಚಿ ಪೆನ್‌ಡ್ರೈವ್ ಕೇಳಿದರು. ನನಗೆ ಲಕ್ಕುಂಡಿಯ ಅತ್ತಿಮಬ್ಬೆ ನೆನಪಾದಳು. ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಶಾಸ್ತ್ರದಾನ ದೊಡ್ಡ ದಾನವೆಂದು ನಂಬಿದ ನಾಡು ನಮ್ಮದು. ನಡುವೆ ಯಾವಾಗಲೋ ನಕಲು ಎಂದರೆ ಪರೀಕ್ಷೆಯ ಕಳ್ಳತನ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಲೇಖಕನ ಹೊಟ್ಟೆಪಾಡು ನನಗೂ ಗೊತ್ತು, ನಾನೂ ಗೌರವಧನಕ್ಕೆ ಕಾಯುವವನೇ. ಆದರೂ ಸರ್ಕಾರದ ಹಣದಲ್ಲಿ, ಅಕಾಡೆಮಿಗಳ, ಪ್ರಾಧಿಕಾರಗಳ, ವಿಶ್ವವಿದ್ಯಾಲಯಗಳ ಹಣದಲ್ಲಿ ಬಂದ ಪುಸ್ತಕಗಳಿಗೆ ಈ ಬೀಗ ಯಾಕೆ ಎಂಬುದಕ್ಕೆ ಯಾರೂ ಸರಿಯಾಗಿ ಉತ್ತರ ಹೇಳಿಲ್ಲ. ಅವುಗಳ ಎರಡನೇ ಪುಟದಲ್ಲಿ ‘ನಕಲು ಮಾಡಲು ಅಡ್ಡಿಯಿಲ್ಲ’ ಎಂಬ ಒಂದು ಸಾಲು ಅಚ್ಚು ಹಾಕಲು ಕಾನೂನು ತಿದ್ದಬೇಕಿಲ್ಲ, ಬಜೆಟ್ ಬೇಕಿಲ್ಲ.

ಭಿಕ್ಷುವಿಗೆ ವಚನಗಳನ್ನು ಕೊಟ್ಟೆವು. ಮುಂಡಗೋಡದ ಶಾಲೆಯಲ್ಲಿ ಕನ್ನಡ ಕಲಿತವರು, ಬಸವಣ್ಣ ಗೊತ್ತು ಎಂದರು. ಹೊರಗೆ ಬರುವಷ್ಟರಲ್ಲಿ ಹಳಿಯಾಳದ ಅಕ್ಕೋರ ಫೋನು. ಅಜ್ಜಿಯ ಹುಲಿ ಕಥೆಯನ್ನು ಮಕ್ಕಳು ಕನ್ನಡಕ್ಕೆ ಇಳಿಸಿ, ಚಿತ್ರ ಬಿಡಿಸಿ ಪುಸ್ತಕ ಮಾಡುತ್ತಿದ್ದಾರಂತೆ. ಜೋಯಿಡಾದ ಮಾಸ್ತರರಿಗೂ ಸುದ್ದಿ ಮುಟ್ಟಿ, ಅವರು ಪ್ರತಿ ಕೇಳಿದ್ದಾರಂತೆ. ಗೆಳೆಯ ತಕ್ಷಣ ಕಾನೂನಿಗಿಳಿದ: ‘ಅಕ್ಕೋರ, ಕಥೀ ಅಜ್ಜೀದು. ಯಾರ್ಯಾರಿಗೆ ಕೊಡಬೌದು ಅಂತ ಅವರನ್ನ ಕೇಳಬೇಕಾಗತೈತ್ರಿ.’

‘ಕೇಳೇನ್ರೀ ಸರ. ಬೇಕಾದವರಿಗೆಲ್ಲ ಕೊಡ್ರಿ, ನನ್ನ ಹೆಸರು ಮಾತ್ರ ಬಿಡಬ್ಯಾಡ್ರಿ ಅಂದ್ರು.’

ವಕೀಲರು ಹತ್ತು ಪುಟ ಬರೆದು ಹೇಳುವ ಲೈಸೆನ್ಸ್ ಅಷ್ಟೇ. ಗೆಳೆಯ ನಗತೊಡಗಿದ. ಅಕ್ಕೋರದು ಮಾತ್ರ ಮುಗಿದಿರಲಿಲ್ಲ. ‘ಆದ್ರ ಒಂದು ತೊಡಕೈತ್ರಿ. ಆಧಾರದಾಗ ಒಂದು ಹೆಸರೈತಿ, ಊರಾಗ ಕರೆಯೂದು ಇನ್ನೊಂದು. ಮುಖಪುಟಕ್ಕ ಯಾವದು ಹಾಕೂದು ಅಂತ ಹುಡುಗೂರು ಎರಡು ಪಾರ್ಟಿ ಆಗ್ಯಾವ. ನೀವ ಹೇಳ್ರಿ.’